ಹಳೇ ಕಂಪ್ಯೂಟರಿನ ಮುಖ ಗಿರಾಕಿಗಳ ಕಡೆಗೆ

ಕೆಟ್ಟು ನಿಂತ ಯಂತ್ರದ ಬಗ್ಗೆ ನನಗೆ ಭಯವಿಲ್ಲ. ಅದು ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿರುತ್ತದೆ, ನನ್ನ ಪಾಡಿಗೆ ನಾನಿರುತ್ತೇನೆ. ನನ್ನ ಎದೆ ಹೊಡೆದುಕೊಳ್ಳುವುದು ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವಾಗ. ಮಿಕ್ಸಿ ತಿರುಗುತ್ತಿದ್ದರೆ ಮುಚ್ಚಳದ ಮೇಲೆ ಎರಡೂ ಕೈ ಒತ್ತಿ ನಿಲ್ಲುವವಳು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡಿ ಬಂದವಳು. ಇಂಥವಳು ಆಂಧ್ರದ ಗಡಿಯ ರಾಯದುರ್ಗದಲ್ಲಿ ಫ್ಲೆಕ್ಸು, ಲಗ್ನಪತ್ರಿಕೆ ಡಿಸೈನ್ ಮಾಡುವ ಅಂಗಡಿ ನಡೆಸುತ್ತಾಳೆ ಎಂದರೆ ಅಮರಾಪುರದ ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ. ಅಕ್ಷರವೊಂದು ತಪ್ಪಿದರೆ ಇಡೀ ಬೀದಿ ತಲೆಯೆತ್ತಿ ಓದಿ ನಗುವ ಕಸುಬು ಇದು.

ಹೊಸ ಲ್ಯಾಪ್‌ಟಾಪು ಬಂದ ಮೇಲೆ ಅಂಗಡಿಯ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕೋಣ ಅಂದೆ. ನನ್ನ ಯಜಮಾನರು ಒಪ್ಪಲಿಲ್ಲ. "ಯಾಕ ಒಗೀತಿ? ಪರದಿ ಇನ್ನಾ ಚಲೋ ಐತಲ್ಲ. ಅದರ ಮುಖ ಗಿರಾಕಿ ಕಡೆ ತಿರುಗಿಸಿ ಇಡು. ನೀ ಮಾಡಿದ್ದು ಅವ್ರಿಗೂ ಕಾಣ್ಲಿ," ಅಂದರು. ಮಾತು ಸರಿಯೆನಿಸಿತು. ಅಲ್ಲಿಯವರೆಗೆ ಗಿರಾಕಿಗಳೆಲ್ಲ ನನ್ನ ಹೆಗಲ ಮೇಲೆ ಬಗ್ಗಿ, ಬಜ್ಜಿ ತಿಂದ ಬೆರಳನ್ನೇ ಲ್ಯಾಪ್‌ಟಾಪಿಗೆ ಒತ್ತಿ "ಇಲ್ಲಿ, ಇಲ್ಲಿ" ಎಂದು ತೋರಿಸುತ್ತಿದ್ದರು.

ಆ ಹಳೆಯದರಲ್ಲಿ ಪರದೆ, ಯಂತ್ರ ಎರಡೂ ಒಂದೇ ಮೈ. ಯಜಮಾನರು ಭಾನುವಾರವೆಲ್ಲ ಅದಕ್ಕೆ ಕೇಬಲ್ ಚುಚ್ಚಿದ್ದೇ ಚುಚ್ಚಿದ್ದು, ಚಿತ್ರ ಮಾತ್ರ ಬರಲಿಲ್ಲ. ಆ ತೂತು ಚಿತ್ರವನ್ನು ಹೊರಗೆ ಕಳಿಸುವುದಕ್ಕೆ, ಒಳಗೆ ತೆಗೆದುಕೊಳ್ಳುವುದಕ್ಕಲ್ಲ ಎಂದು ಆಮೇಲೆ ಫೋನಿನಲ್ಲಿ ಯಾವುದೋ ವೀಡಿಯೊ ನೋಡಿ ತಿಳಿಯಿತು. ಎರಡನ್ನೂ ಒಂದೇ ವೈಫೈಗೆ ಸೇರಿಸಿದರೆ ಗಾಳಿಯಲ್ಲೇ ಚಿತ್ರ ಹೋಗುತ್ತದಂತೆ. ಹೋಯಿತು ಕೂಡ. ನೀರು ಬಿದ್ದ ಬೋರ್‌ವೆಲ್ಲಿನ ಪಕ್ಕ ನಿಂತವರ ಹಾಗೆ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು. ಎರಡರಲ್ಲೂ ಒಂದೇ ಚಿತ್ರ ಯಾಕೆ, ನಿನ್ನದರಲ್ಲಿ ಒಂದು ಕೆಲಸ, ಅದರಲ್ಲಿ ಇನ್ನೊಂದು ಕೆಲಸ ಇರಲಿ ಎಂದು ಹಾಗೇ ಹೊಂದಿಸಿಕೊಟ್ಟರು.

ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ನನ್ನ ಮೌಸಿನ ಬಾಣ ಲ್ಯಾಪ್‌ಟಾಪಿನ ಬಲ ಅಂಚು ದಾಟಿದರೆ ಸೀದಾ ಗಿರಾಕಿಗಳ ಎದುರು ಹೋಗಿ ಓಡಾಡುತ್ತಿತ್ತು. ನನಗೆ ಕಾಣುತ್ತಿದ್ದದ್ದು ಆ ಪರದೆಯ ಬೆನ್ನು ಮಾತ್ರ. ಮುಂದುಗಡೆ ಏನು ನಡೆಯುತ್ತಿದೆ ಎಂದು ಗಿರಾಕಿಗಳ ಮುಖ ನೋಡಿಯೇ ಊಹಿಸಬೇಕು. ಯಾರಾದರೂ ಹುಬ್ಬೆತ್ತಿದರೆ ನನಗೆ ಬೆವರು.

ಹೀಗಿರುವಾಗ ಗುಮ್ಮಘಟ್ಟದ ಕಡೆಯ ಒಂದು ಕುಟುಂಬ ಮದುವೆಯ ಫ್ಲೆಕ್ಸಿಗಾಗಿ ಬಂತು. ಮದುವೆಯ ಹುಡುಗಿ ಭಾಗ್ಯ, ಅವಳ ಅಪ್ಪ ಈರಣ್ಣ, ಅಜ್ಜ ಹನುಮಂತಪ್ಪ. ಆಶೀರ್ವದಿಸುವವರ ಜಾಗದಲ್ಲಿ ಅಜ್ಜನ ಫೋಟೋ ಬರಬೇಕಿತ್ತು. ಫೋಟೋದಲ್ಲಿ ಅಜ್ಜನ ತೋಳಲ್ಲೊಂದು ಕುರಿಮರಿ.

"ತಾತ, ಮರಿ ತೆಗೆದುಬಿಡ್ಲಾ?" ಅಂದೆ.

"ಬ್ಯಾಡ ತಾಯಿ. ಅದನ್ನ ಬಿಟ್ರ ನನ್ನ ಯಾರು ಗುರುತು ಹಿಡೀತಾರ?" ಅಂದರು ಹನುಮಂತಪ್ಪ.

ಸರಿ, ಮರಿಯ ಸಮೇತ ಅಜ್ಜನನ್ನು ಕತ್ತರಿಸಿ ಮದುವೆಯ ಚೌಕಟ್ಟಿಗೆ ಪೇಸ್ಟ್ ಮಾಡಿದೆ. ನನ್ನ ಪರದೆಯಲ್ಲಿ ಚೌಕಟ್ಟು ಖಾಲಿಯಾಗೇ ಇತ್ತು. ಮತ್ತೆ ಒತ್ತಿದೆ. ಇಲ್ಲ. ಮೂರನೇ ಸಲ ಜೋರಾಗಿ ಒತ್ತಿದೆ. ಎದುರಿಗೆ ಮೂವರೂ ತಮ್ಮ ಕಡೆಯ ಪರದೆಯನ್ನೇ ನೋಡುತ್ತಿದ್ದರು. ಚಿತ್ರ ಅಲ್ಲಿಗೇ ಹೋಗಿರಬೇಕು, ಬಣ್ಣ ಮೆಚ್ಚಿಕೊಂಡಿರಬೇಕು ಎಂದುಕೊಂಡು, "ಹೆಂಗೈತೆ ತಾತ? ಇನ್ನೊಂಚೂರು ದೊಡ್ಡದು ಮಾಡ್ಲಾ?" ಅಂದೆ.

"ಚಲೋ ಐತವಾ. ಹಾರ ಹಾಕೀದಿ, ಆಕಡಿ ಈಕಡಿ ದೀಪನೂ ಇಟ್ಟೀದಿ," ಅಂದರು ಅಜ್ಜ.

ಮದುವೆಯ ಫ್ಲೆಕ್ಸಿಗೆ ನಾನು ದೀಪ ಇಟ್ಟೇ ಇರಲಿಲ್ಲ. ಮೇಜು ಸುತ್ತಿ ಆ ಕಡೆ ಓಡಿದೆ. ಬೆಳಿಗ್ಗೆ ಬೇರೆ ಯಾರಿಗೋ ಮಾಡಿದ ಶ್ರದ್ಧಾಂಜಲಿಯ ಫ್ಲೆಕ್ಸನ್ನು ಅಲ್ಲಿ ತೆರೆದೇ ಬಿಟ್ಟಿದ್ದೆ; ಬಾಣ ಅಂಚು ದಾಟಿ, ನಾನು ಒತ್ತಿದ್ದೆಲ್ಲ ಅದಕ್ಕೇ ಅಂಟಿತ್ತು. ಅದರೊಳಗೆ ಮೂರು ಹನುಮಂತಪ್ಪ, ಮೂರು ಕುರಿಮರಿ, ಮೇಲೆ ಕಪ್ಪು ತೆಲುಗು ಅಕ್ಷರದಲ್ಲಿ "ಶ್ರದ್ಧಾಂಜಲಿ".

"ಏನ್ರಿ ಇದು! ಮದುವಿಗಂತ ಬಂದ್ರ ನಮ್ಮಪ್ಪನ್ನ ಕಳಿಸಿಬಿಟ್ರಲ್ಲ!" ಎಂದು ಈರಣ್ಣ ಎದ್ದು ನಿಂತ. ಭಾಗ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಶುಭಕಾರ್ಯದ ಮನೆಯವರಿಗೆ ಇದೆಂಥ ಅಪಶಕುನ ತಂದಿಟ್ಟೆ ಎಂದುಕೊಳ್ಳುತ್ತಲೇ ನನ್ನ ಕುರ್ಚಿಗೆ ವಾಪಸು ಓಡಿ ಅಳಿಸಿದೆ. ಆದರೆ ಹಳೇ ಕಂಪ್ಯೂಟರು ಅದೇ ಗಳಿಗೆಯಲ್ಲಿ ಸ್ತಂಭಿಸಿ ನಿಂತಿತ್ತು. ಮತ್ತೆ ಆ ಕಡೆ ಹೋಗಿ ನೋಡಿದರೆ ಅಜ್ಜ ಇನ್ನೂ ಹಾರದೊಳಗೇ ನಗುತ್ತಿದ್ದರು. ಹೊರಗೆ ನಿಂತವರು ಬಾಗಿಲಲ್ಲಿ ಇಣುಕತೊಡಗಿದರು. ಏನೂ ತೋಚದೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಪರದೆಗೆ ಅಡ್ಡ ಹಿಡಿದೆ.

"ಏನ್ ಬರದೈತಿ ಅಲ್ಲಿ?" ಎಂದು ಅಜ್ಜ ಕೇಳಿದರು. ಈರಣ್ಣ ಬಾಗಿಲ ಕಡೆ ಮುಖ ತಿರುಗಿಸಿದ. ಕೊನೆಗೆ ಭಾಗ್ಯಳೇ ಅವರ ಕಿವಿಯಲ್ಲಿ ಹೇಳಿದಳು. ಅಜ್ಜ ನನ್ನ ಸೆರಗನ್ನು ಮೆಲ್ಲಗೆ ಸರಿಸಿ, ಹತ್ತಿರ ಹೋಗಿ ಪರದೆಯೊಳಗಿನ ಮೂವರು ಹನುಮಂತಪ್ಪರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಕುಂದ್ರಲೇ ಈರಾ. ಒಬ್ಬ ಹೋದ್ರ ಹೋಗ್ಲಿ, ಇನ್ನಾ ಇಬ್ರು ಅದೀವಲ್ಲ. ಮದುವಿ ನಡಸ್ತೀವಿ," ಅಂದರು. ಭಾಗ್ಯ ತಡೆಯಲಾರದೆ ಗೊಳ್ಳೆಂದು ನಕ್ಕಳು. ಈರಣ್ಣ ಕೂತ. ನಾನು ಪ್ಲಗ್ಗನ್ನೇ ಕಿತ್ತೆ. ಅವತ್ತಿನ ಫ್ಲೆಕ್ಸನ್ನು ಮೂವರೂ ನನ್ನ ಹೆಗಲ ಮೇಲೆ ಬಗ್ಗಿಯೇ ನೋಡಿ ಒಪ್ಪಿದರು.

ಪರದೆಯನ್ನು ಯಜಮಾನರು ಮರುದಿನವೇ ಮತ್ತೆ ಜೋಡಿಸಿದರು. ಆದರೆ ಈಗ ನಾನು ಏನು ಒತ್ತಿದರೂ ಎದ್ದು, ಮೇಜು ಸುತ್ತಿ, ಗಿರಾಕಿಯ ಕುರ್ಚಿಯಲ್ಲಿ ಕೂತು ನೋಡಿ ಬರುತ್ತೇನೆ. ಮೊನ್ನೆ ಹಾಗೆ ಕೂತಿದ್ದಾಗ ಹೊಸಬರೊಬ್ಬರು ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ಖಾಲಿಯಿದ್ದ ನನ್ನ ಜಾಗದ ಕಡೆ ನೋಡಿ, ದನಿ ತಗ್ಗಿಸಿ, "ಅಕ್ಕಾರ, ಈ ಅಂಗಡಿಯಾಕಿ ಕೆಲಸ ಹೆಂಗ್ರಿ? ನಂಬಬೌದಾ?" ಎಂದು ಕೇಳಿದರು.

"ಕೆಲಸ ಚೆನ್ನಾಗೈತೆ ಕಣ್ರಿ," ಅಂದೆ. "ಆದ್ರೆ ಎದುರಿಗೇ ಕೂತು ನೋಡ್ಕೊಳ್ಳಿ."