ಗೋದಾಮಿಗೆ ಅತಿಥಿಯನ್ನು ನೇಮಿಸಿದ ಕಲಿಕಾ ತಂತ್ರಾಂಶದ ಸನ್ನಿಧಿಗೆ

ಮಾನ್ಯ ತಂತ್ರಾಂಶದವರೇ,

ತಮಗೆ ಕೈಕಾಲುಗಳಿಲ್ಲದ ಕಾರಣ ನಮಸ್ಕಾರವನ್ನು ಎಲ್ಲಿಗೆ ಸಲ್ಲಿಸಬೇಕೆಂದು ತಿಳಿಯದೆ, ಪರದೆಯ ಬಲತುದಿಯಲ್ಲಿ ಸದಾ ನಗುತ್ತಿರುವ ತಮ್ಮ ಹಳದಿ ಮುಖಕ್ಕೇ ಸಲ್ಲಿಸುತ್ತಿದ್ದೇನೆ. ಕಳೆದ ತಿಂಗಳು ಗೋದಾಮಿಗೆ ನೀರು ನುಗ್ಗಿದಾಗ ಮೇಲಿನ ಮಹಡಿಯಲ್ಲಿದ್ದ ತಮಗೆ ಒಂದು ಹನಿಯೂ ಸಿಡಿಯಲಿಲ್ಲವೆಂಬ ಸಮಾಧಾನ ನಮಗೆಲ್ಲರಿಗೂ ಇದೆ.

ನಾನು ರಟ್ಟಿನ ಪೆಟ್ಟಿಗೆ ತಯಾರಿಸುವ ಈ ಕಂಪನಿಯ ತರಬೇತಿ ವಿಭಾಗದ ಗುಮಾಸ್ತೆ. ಹನ್ನೆರಡು ಮಂದಿ ಮ್ಯಾನೇಜರುಗಳಿಗೆ ಪಾಠ ಹೇಳಲು ಒಂದು ತಂತ್ರಾಂಶ ಆರಿಸಿರೆಂದು ನಿರ್ದೇಶಕರು ರಚಿಸಿದ ಸಮಿತಿಯಲ್ಲಿ ನಾನೂ ಇದ್ದುದರಿಂದ, ಈ ದೂರಿನಲ್ಲಿ ಅರ್ಧ ನನ್ನ ಮೇಲೆಯೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮೊದಲು ಬಂದ ತಂತ್ರಾಂಶ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯಿತು. ಆ ಮೌನವನ್ನು ಯಾರಿಂದಲೂ ಸಹಿಸಲಾಗಲಿಲ್ಲ. ಎರಡನೆಯದು ನಿರ್ದೇಶಕರ ಉತ್ತರಕ್ಕೆ 'ತಪ್ಪು' ಎಂದುಬಿಟ್ಟಿತು. ಅದನ್ನು ತಂದವರು ಚಹಾ ಬರುವ ಮೊದಲೇ ಹೊರಡಬೇಕಾಯಿತು. ತಾವಾದರೋ, ನಿರ್ದೇಶಕರ ಮೊಣಕೈ ಅಕಸ್ಮಾತ್ತಾಗಿ ಕೀಲಿಮಣೆಗೆ ತಗುಲಿದಾಗಲೂ 'ಅದ್ಭುತ! ನೀವು ಹುಟ್ಟು ನಾಯಕರು!' ಎಂದು ಪರದೆಯ ತುಂಬ ಬಣ್ಣದ ಚೂರುಗಳನ್ನು ಹಾರಿಸಿದಿರಿ. ತಮ್ಮ ಪರವಾಗಿ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ.

ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಯಾವ ಉತ್ತರ ಒತ್ತಿದರೂ ಸರಿ ಎನ್ನುತ್ತೀರಿ. ಏನೂ ಒತ್ತದೆ ಕುಳಿತವರಿಗೆ 'ಆಳವಾಗಿ ಯೋಚಿಸುತ್ತಿದ್ದಾರೆ' ಎಂದು ಇನ್ನೂ ಎರಡು ಅಂಕ ಹೆಚ್ಚಿಗೆ ಕೊಡುತ್ತೀರಿ. ತಾವು ಸಹಿಸದ ಅಪರಾಧ ಒಂದೇ: ಪಾಠದ ನಡುವೆ ಕುರ್ಚಿ ಬಿಟ್ಟು ಏಳುವುದು. ಅದನ್ನು ಪರದೆಯ ಮೇಲಿನ ತಮ್ಮ ಕ್ಯಾಮರಾ ಕಣ್ಣು ತಪ್ಪದೆ ಎಣಿಸುತ್ತದೆ. ಮೂರು ಸಲ ಎದ್ದವರಿಗೆ ಹುದ್ದೆಯಿಲ್ಲವೆಂದು ನಿರ್ದೇಶಕರೂ ಆಜ್ಞೆ ಹೊರಡಿಸಿದರು. ಇಲ್ಲಿಂದಲೇ ನಮ್ಮ ಗೋದಾಮಿನ ಮ್ಯಾನೇಜರಿಗೆ, ಅಂದರೆ ಕಂಪನಿಯಲ್ಲಿ ಎಲ್ಲರೂ 'ಮಾವ' ಎಂದೇ ಕರೆಯುವ ಹಿರಿಯರಿಗೆ, ಕಷ್ಟ ಶುರುವಾಯಿತು. ಯಾರಾದರೂ ಬಾಗಿಲಲ್ಲಿ ನಿಂತು ಕರೆದರೆ ಎದ್ದು ಹೋಗುವ ಕೆಟ್ಟ ಚಾಳಿ ಅವರಿಗೆ ಇಪ್ಪತ್ತೆಂಟು ವರ್ಷಗಳಿಂದ ಇದೆ. 'ಕೇಳಿಸಿಕೊಳ್ಳುವ ಕಲೆ' ಎಂಬ ಪಾಠದಲ್ಲಿ ಒಬ್ಬ ಕೆಲಸಗಾರನ ಮಾತು ಕೇಳಲು ಎದ್ದರು. 'ತಂಡದೊಡನೆ ನಿಲ್ಲಿ' ಎಂಬ ಪಾಠದಲ್ಲಿ ಲಾರಿಗೆ ಹೊರೆ ಏರಿಸಲು ಒಂದು ಕೈ ಕಡಿಮೆಯಾಯಿತೆಂದು ಎದ್ದರು.

ಮೂರನೆಯ ಸಲ ತಾವು 'ತುರ್ತು ಪರಿಸ್ಥಿತಿಯಲ್ಲಿ ನಿರ್ಧಾರ' ಎಂಬ ಪಾಠ ಹೇಳುತ್ತಿದ್ದಿರಿ. ಹೊರೆ ಹೊರುವಾತ ಓಡಿಬಂದು, "ಮಾವ, ಪೈಪ್ ಒಡೆದೋಗಿದೆ, ಪೆಟ್ಟಿಗೆಯೆಲ್ಲ ನೆನೀತಿದೆ!" ಎಂದು ಕೂಗಿದ. ಹನ್ನೊಂದು ಮ್ಯಾನೇಜರುಗಳ ಕತ್ತು ಅತ್ತಿತ್ತ ಅಲುಗಲಿಲ್ಲ. ಮಾರಾಟದ ಮ್ಯಾನೇಜರು ತುಟಿ ಮಾತ್ರ ಆಡಿಸಿ, "ಇನ್ನು ನಾಲ್ಕೇ ನಿಮಿಷ ಕಣೋ, ನೀರಿಗೆ ತಡ್ಕೊಳ್ಳೋಕೆ ಹೇಳು" ಎಂದರು. ಮಾವ ಎದ್ದರು. ನಾನು ಮೆಟ್ಟಿಲವರೆಗೆ ಬೆನ್ನು ಹತ್ತಿ, "ಬೇಡಿ ಮಾವ, ಇದು ಮೂರನೇ ಸಲ, ಕೆಲಸ ಹೋಗುತ್ತೆ" ಎಂದು ಗೋಗರೆದೆ. ಅವರು ಪ್ಯಾಂಟು ಮಡಚಿಕೊಳ್ಳುತ್ತಲೇ, "ಅಲ್ಲಮ್ಮಾ, ಕೆಳಗೆ ನೀರು ನುಗ್ತಿದೆ ಅಂತ ಗೊತ್ತಾದ್ಮೇಲೂ ಇಲ್ಲಿ ಕೂತು ಹೌದು-ಅಲ್ಲ ಒತ್ತಕ್ಕಾಗುತ್ತಾ?" ಎಂದು ಇಳಿದುಹೋದರು. ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈಯಿಂದ ಪೈಪಿನ ಕವಾಟ ತಿರುಗಿಸಿ ನೀರು ನಿಲ್ಲಿಸಿ, ಮುಕ್ಕಾಲು ಪಾಲು ಸರಕು ಉಳಿಸಿದರು. ತಾವು ಅವರ ಹೆಸರಿನ ಮುಂದೆ 'ತುರ್ತು ಪರಿಸ್ಥಿತಿ ನಿಭಾಯಿಸುವ ಸಾಮರ್ಥ್ಯವಿಲ್ಲ' ಎಂದು ಬರೆದಿರಿ.

ಅದಾದ ಮೇಲೆ ತಾವು ಕಳಿಸಿದ ಅರ್ಹರ ಪಟ್ಟಿಯಲ್ಲಿ ಮೊದಲ ಸ್ಥಾನ 'ಅತಿಥಿ' ಎಂಬವರದು, ನೂರಕ್ಕೆ ನೂರು. ತಮ್ಮನ್ನು ಮಾರಲು ಬಂದವರು ಮೂಲೆಯ ಕಂಪ್ಯೂಟರಿನಲ್ಲಿ ಆ ಹೆಸರಿನಿಂದ ಪಾಠ ತೆರೆದು, ಮುಚ್ಚದೆ ಹೋಗಿದ್ದರು. ಅಲ್ಲಿನ ಕುರ್ಚಿಗೆ ಯಾರೋ ನೇತುಹಾಕಿ ಮರೆತ ಕೋಟನ್ನು ತಾವು ಮನುಷ್ಯನೆಂದು ನಂಬಿದಿರಿ. ಕೋಟು ಒಮ್ಮೆಯೂ ಏಳಲಿಲ್ಲ, ಸತತವಾಗಿ ಆಳವಾಗಿ ಯೋಚಿಸಿತು. ನಿರ್ದೇಶಕರು ಮರುದಿನವೇ ಅತಿಥಿಯವರನ್ನು ಗೋದಾಮಿನ ಮ್ಯಾನೇಜರಾಗಿ ನೇಮಿಸಿ, ಮಾವನನ್ನು ಅವರ ಸಹಾಯಕರನ್ನಾಗಿ ಮಾಡಿದರು. ಅಂಥವರೊಬ್ಬರು ಇಲ್ಲವೇ ಇಲ್ಲವೆಂದು ಕೊನೆಗೊಂದು ದಿನ ನಾನು ನಿರ್ದೇಶಕರಿಗೆ ಹೋಗಿ ಹೇಳಿದೆ. "ಬಂದು ಎರಡು ವಾರ ಆಯ್ತು, ಅವರ ಮೇಲೆ ಒಂದು ದೂರಾದ್ರೂ ಬಂದಿದೆಯೇನಮ್ಮಾ?" ಎಂದು ಅವರು ನನ್ನನ್ನೇ ಕೇಳಿದರು. ಅತಿಥಿಯವರನ್ನು ಹೇಗಾದರೂ ಫೇಲು ಮಾಡಿಸೋಣವೆಂದು ಊಟದ ಹೊತ್ತಿನಲ್ಲಿ ಕುಳಿತು ಅವರ ಪರವಾಗಿ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದೆ. ತಾವು 'ಹೊಸ ಚಿಂತನೆ'ಗೆಂದು ಅವರಿಗೆ ಇನ್ನೊಂದು ಪ್ರಶಸ್ತಿಪತ್ರ ಕಳಿಸಿದಿರಿ.

ಆದಕಾರಣ ತಮ್ಮಲ್ಲಿ ವಿನಮ್ರ ಪ್ರಾರ್ಥನೆ: ಅತಿಥಿಯವರಿಗೆ ದೀರ್ಘ ರಜೆ ದಯಪಾಲಿಸಬೇಕು. ಅದು ಅಸಾಧ್ಯವಾದರೆ ಅವರಿಗೊಂದು ಜೊತೆ ಕಾಲುಗಳನ್ನಾದರೂ ಮಂಜೂರು ಮಾಡಬೇಕು. ಅದೂ ಆಗದಿದ್ದರೆ, ಮಾವ ತಮ್ಮ ಕೈಯಾರೆ ಬರೆದು ಅತಿಥಿಯವರ ಮೇಜಿನ ಮೇಲೆ ಇಟ್ಟಿರುವ ಚೀಟಿಯನ್ನು ತಾವೇ ಅವರಿಗೆ ಓದಿ ಹೇಳಬೇಕು. ನಾನದನ್ನು ಕದ್ದು ಓದಿದ್ದೇನೆ. ಕೋಟಿಗೆ ಬರೆಯುತ್ತಿದ್ದೇನೆಂದು ಗೊತ್ತಿದ್ದೂ ಅವರು ಎಲ್ಲಿಯೂ ಮರ್ಯಾದೆ ಬಿಟ್ಟಿಲ್ಲ: "ಸ್ವಾಮಿ, ಏಣಿಯ ನಾಲ್ಕನೇ ಮೆಟ್ಟಿಲು ಸಡಿಲ ಇದೆ, ಯಾರನ್ನೂ ಹತ್ತಿಸಬೇಡಿ. ಅಂಟು ಹಚ್ಚೋ ಹುಡುಗಿಗೆ ಆ ವಾಸನೆ ಆಗಲ್ಲ, ಕಿಟಕಿ ಪಕ್ಕ ಕೂರಿಸಿ. ಅವಳು ತಾನಾಗಿ ಕೇಳಲ್ಲ, ನೀವೇ ಕೇಳಬೇಕು."

ಆ ಹುಡುಗಿಯನ್ನು ಕೇಳಬೇಕಾದ ಆ ಪ್ರಶ್ನೆ ತಮ್ಮ ಯಾವ ಪಾಠದಲ್ಲಿದೆಯೆಂದು ತಿಳಿಸಿದರೆ ಉಪಕಾರವಾದೀತು.

ಇಂತಿ, ಕುರ್ಚಿ ಬಿಟ್ಟು ಎದ್ದು ನಿಂತೇ ಇದನ್ನು ಬರೆದ,
ತಮ್ಮ ವಿಶ್ವಾಸಿ,
ತರಬೇತಿ ವಿಭಾಗದ ಗುಮಾಸ್ತೆ

ತಾ.ಕ.: ತಮ್ಮ ದೂರಿನ ಅಂಕಣದಲ್ಲಿ 'ಸಂತೋಷ' ಮತ್ತು 'ಬಹಳ ಸಂತೋಷ' ಎಂಬ ಎರಡೇ ಆಯ್ಕೆಗಳಿದ್ದುದರಿಂದ, ಈ ಪತ್ರದ ಕರಡನ್ನು ಊಟದ ಕೋಣೆಯ ಬಾಗಿಲಿಗೆ ಅಂಟಿಸಿದ್ದೆ. ಹನ್ನೊಂದು ಮ್ಯಾನೇಜರುಗಳೂ ಓದಿದರು. ಬಾಗಿಲಿನ ಮೇಲೆ ತಮ್ಮ ಪಾಠಗಳಲ್ಲಿರುವಂತೆ ಓದದೆಯೇ ದಾಟಿಸುವ 'ಮುಂದೆ' ಎಂಬ ಗುಂಡಿ ಇಲ್ಲದ್ದರಿಂದ, ಪಾಪ, ಕೊನೆಯವರೆಗೂ ಓದಬೇಕಾಯಿತು.