ಯಾರೂ ಇಲ್ಲದ ಪೆಂಡಾಲ

ಹುಮನಾಬಾದದ ಕಾಲೇಜಿನಾಗ ನಾ ಜೀವಶಾಸ್ತ್ರ ಕಲಿಸೋವಾಗ ಇಂಥವು ನಡೀತಾನೇ ಇದ್ವು. ನಗು ಬರ್ತದ ಖರೆ, ಆದ್ರ ನಕ್ಕ ಮ್ಯಾಲ ಒಮ್ಮೆ ಹಿಂದ ತಿರುಗಿ ನೋಡ್ಬೇಕು ಅನಸ್ತದ.

೧. ಕೋಟೆ ನೀರು

ನಮ್ಮ ಚಪರಾಸಿ ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರಾವ. ಒಮ್ಮೆ ಅಲ್ಲಿನ ಕೋಟೆಯ ಪಾಳು ಬಾವಿ ನೀರು ತರಿಸಿ, ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಅವಗೂ ತೋರಿಸಿದೆ. ಅಮೀಬಾ ಮೆಲ್ಲಗ ಅವನ ಕಡೀನೇ ಬರಾಕತ್ತಿತ್ತು.

"ಎಲುಬಿಲ್ಲ, ಕಾಲಿಲ್ಲ. ಹ್ಯಾಂಗ ನಡೀತದ್ರಿ ಸರ?"

"ಒಳಗ ಸಣ್ಣ ಎಳಿ ಅದಾವ. ಪೆಂಡಾಲಿಗೆ ಬಿದಿರಿನ ಗಳ ಇದ್ದಂಗ, ಆಕಾರ ಹಿಡಿಯೋವು ಅವೇ. ಹಿಂದಿನ ಗಳ ಬಿಚ್ಚಿಕೋತ ಹೋಗ್ತಾವ, ಮುಂದ ಹೊಸಾವು ಏಳ್ತಾವ. ಪೆಂಡಾಲ ಮುಂದ ಸರೀತದ."

"ಬಿಚ್ಚೋರು ಯಾರ್ರಿ ಒಳಗ?"

"ಯಾರೂ ಇಲ್ಲೋ."

ಅವ ಸೂಕ್ಷ್ಮದರ್ಶಕದಿಂದ ಸರಕ್ಕನ ಕಣ್ಣು ತೆಗದ. "ಯಾರೂ ಇಲ್ದ ಗಳ ತಾವೇ ನಡಿಯೋ ಕ್ವಾಣ್ಯಾಗ ನಾ ಕಸ ಹೊಡ್ಯಾಂಗಿಲ್ರಿ," ಅಂದು ಕಸಬರಿಗಿ ಅಲ್ಲೇ ಬಿಟ್ಟು ಹೋದ.

೨. ನಿಂಬಿಹಣ್ಣು

ಮರುದಿನ ನೋಡಿದ್ರ ಸೂಕ್ಷ್ಮದರ್ಶಕಕ್ಕ ನಿಂಬಿಹಣ್ಣು, ಮೆಣಸಿನಕಾಯಿ! ಹೊಸ ಲಾರಿಗೆ ಕಟ್ಟತಾರಲ್ಲ, ಹಂಗ. ದಾರ ಪೋಣಿಸಿದ ಹಣ್ಣಿನ ರಸ ಕೆಳಗಿನ ನೀರಿನ ತಟ್ಟಿಗೆ ಸೋರಿ, ನನ್ನ ಅಮೀಬಾ ಎಲ್ಲಾ ಗುಂಡಗ ಮುದುಡಿ ಸತ್ತಿದ್ವು. ಅವತ್ತೇ ತಪಾಸಣಿ ಸಾಹೇಬ್ರು ಬರೋವರು. "ಜೀವಂತ ಏನರ ತೋರಿಸ್ರಿ, ಇಲ್ಲಂದ್ರ ಲ್ಯಾಬ್ ಬಂದ್," ಅಂತ ಮೊದಲೇ ಹೇಳಿ ಕಳಿಸಿದ್ರು.

"ಏನ್ ಮಾಡಿದ್ಯೋ ಪುಣ್ಯಾತ್ಮಾ!"

ಚಪರಾಸಿ ಬಾಗಲದಾಗೇ ನಿಂತು ಖುಷಿಲೆ ಅಂದ: "ನಡಿಯೋವೆಲ್ಲಾ ನಿಂತಾವಲ್ರಿ ಸರ!"

೩. ಸಾಹೇಬ್ರ ರಕ್ತ

ಸಾಹೇಬ್ರು ಬಂದೇ ಬಿಟ್ರು, ಬ್ಯಾರೆ ದಾರಿ ಇರಲಿಲ್ಲ. ಅವರ ಬೆರಳಿಗೇ ಸೂಜಿ ಚುಚ್ಚಿ ಒಂದು ಹನಿ ರಕ್ತ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬ್ಯಾಸಗಿ ಧಗಿ, ಜರಾ ಹೊತ್ತಿಗೆ ಒಂದು ಬಿಳಿ ರಕ್ತಕಣ ಮೈ ಚಾಚಿ ತೆವಳಾಕತ್ತಿತು. ಸಾಹೇಬ್ರು ಹಚ್ಚಿದ ಕಣ್ಣು ತೆಗೀಲಿಲ್ಲ.

ಕಡೀಕ ಸಣ್ಣ ದನಿಲೆ ಕೇಳಿದ್ರು: "ಇದು ನಂದೇನ್ರಿ?"

"ನಿಮ್ದೇ ರಿ. ಮೈಯಾಗ ತಿರಗತಿರತಾವ. ಅದಕ್ಕೂ ಒಳಗ ಅವೇ ಎಳಿ."

"ನಾ ಹೇಳೇ ಇಲ್ಲಲ್ಲ. ಯಾರನ್ನ ಕೇಳಿ ತಿರಗತಾವ?"

ಸಾಹೇಬ್ರು ಬೆವರು ಒರಸ್ಕೋತ, "ಲ್ಯಾಬ್ ಇರ್ಲಿ ಬಿಡ್ರಿ," ಅಂದು ಹೊರಗ ಹೋದ್ರು. ಉಳೀತಪ್ಪಾ ಅಂತ ನಾ ಉಸಿರು ಬಿಟ್ಟೆ.

ಕೈ ತೊಳಕೊಂಡು ಬಂದು ತಿರುಗಿ ನೋಡಿದ್ರ ಸೂಕ್ಷ್ಮದರ್ಶಕಕ್ಕ ಬರೇ ಮೆಣಸಿನಕಾಯಿ ಜೋತಾಡಾಕತ್ತಿದ್ವು. ಚಪರಾಸಿ ಸಾಹೇಬ್ರ ಜೀಪಿನ ಕಡಿಂದ ಖಾಲಿ ಗ್ಲಾಸ್ ಹಿಡ್ಕೊಂಡು ಬಂದ.

"ನಿಂಬಿಹಣ್ಣು ಎಲ್ಲೋ?"

"ಸಾಹೇಬ್ರು ಹಿಂಡಿ ಕುಡದ್ರು ರಿ. ಒಳಗಿನವು ನಿಲ್ತಾವೇನು ಅಂತ ಕೇಳಿದ್ರು. ಬಿಲ್ಕುಲ್ ನಿಲ್ತಾವ್ರಿ, ಮುಂಜಾನಿ ಕೋಟೆ ನೀರಿನವು ಒಂದೂ ಉಳದಿಲ್ಲ, ಅಂದೆ."