ಗಂಡನ ಇಮೇಲಿಗೆ ಬಂದ ಬ್ಲೌಸು

ತಂಗಿಯ ಮದುವೆಗೆ ನನ್ನ ಬ್ಲೌಸ್ ನಾನೇ ಹೊಲಿದುಕೊಳ್ಳುತ್ತೇನೆ ಎಂದು ಘೋಷಿಸಿಬಿಟ್ಟೆ. ಮತ್ತಿಗಿರಿಯ ನಮ್ಮ ಮನೆಯಲ್ಲಿ ಮಿಷನ್ ಇದೆ, ಬಟ್ಟೆಯೂ ಇದೆ. ಕಟಿಂಗ್ ಅಳತೆಯೊಂದು ಸಿಕ್ಕರೆ ಸಾಕು. ಫೋನಿನಲ್ಲಿ ಹುಡುಕಿದೆ. ಉಚಿತ! ಒತ್ತಿದೆ. "ಲಾಗಿನ್ ಆಗಿ, ಇಮೇಲ್ ಕೊಡಿ" ಅಂತು.

ನಾನೇನು ದಡ್ಡಿಯೇ? ಸಿಕ್ಕಸಿಕ್ಕಲ್ಲಿ ಇಮೇಲ್ ಕೊಡಬಾರದೆಂದು ಮಹಿಳಾ ಸಂಘದಲ್ಲಿ ಭಾಷಣ ಬಿಗಿದವಳು! ನನ್ನ ವಿಳಾಸವನ್ನು ಭದ್ರವಾಗಿ ಇಟ್ಟುಕೊಂಡು ಗಂಡನದ್ದನ್ನು ಕೊಟ್ಟೆ. ನನಗೆ ಬಾಯಿಪಾಠವಿದ್ದದ್ದು ಅವರ ಫ್ಯಾಕ್ಟರಿ ಇಮೇಲ್ ಒಂದೇ.

"ಇಮೇಲಿಗೆ ಬಂದ ನಂಬರ್ ಹಾಕಿ" ಅಂತು. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿದ್ದ ಇವರಿಗೆ ಫೋನ್ ಮಾಡಿದೆ.

"ರೀ, ನಿಮ್ಮ ಮೇಲಿಗೊಂದು ನಂಬರ್ ಬಂದೈತಲ್ಲ, ಹೇಳಿ."

"ಓಟಿಪಿ ಯಾರ್ಗೂ ಹೇಳ್ಬಾರ್ದು. ಯಾರಮ್ಮಾ ನೀನು?"

"ನಿಮ್ಮ ಹೆಂಡ್ತಿ ಕಣ್ರೀ!"

"ಹೆಂಡ್ತಿ ದನೀನೂ ನಕಲು ಮಾಡ್ತಾರೆ ಅಂತ ಟ್ರೈನಿಂಗ್‌ನಾಗೆ ಹೇಳವ್ರೆ."

"ಉಪ್ಪಿಲ್ಲ ಅಂತ ತಟ್ಟೆ ತಳ್ಳಿ ಹೋದ್ರಲ್ಲ, ರಾತ್ರಿಗೆ ಸಾರೇ ಇರಲ್ಲ!"

"ಓ, ನೀನೇ ಕಣೆ" ಎಂದು ನಂಬರ್ ಹೇಳಿದರು.

ಹಾಕಿದೆ. "ಸಮಯ ಮೀರಿದೆ" ಅಂತು!

ಮಧ್ಯಾಹ್ನ ಇವರು ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸಿ ಮ್ಯಾನೇಜರಿಗೆ ಏನನ್ನೋ ವಿವರಿಸುತ್ತಿದ್ದರಂತೆ. ಪರದೆಯ ಮೂಲೆಯಲ್ಲಿ ಮೇಲ್ ಇಣುಕಿತು: "ಪ್ರಿಯ ಸಹೋದರಿ, ಡೀಪ್ ನೆಕ್ ನಿಮಗೆ ಚೆನ್ನಾಗಿ ಒಪ್ಪುತ್ತದೆ!" ಅದರ ಹಿಂದೆಯೇ, "ದಪ್ಪ ತೋಳಿನವರಿಗೆ ವಿಶೇಷ ಕಟಿಂಗ್!" ಮ್ಯಾನೇಜರ್ ಇವರ ತೋಳನ್ನೇ ನೋಡಿದರಂತೆ.

ಸಂಜೆ ಶೂ ಬಿಚ್ಚುವ ಮೊದಲೇ ಇವರ ಕೂಗಾಟ ಶುರುವಾಯಿತು. ಪಕ್ಕದ ಮನೆಯ ಸೆಲ್ವಿ ಓಡಿ ಬಂದು ನನ್ನ ಫೋನ್ ನೋಡಿದಳು.

"ಅಕ್ಕಾ, ಇಂಗ ಪಾರುಂಗ, ಇಲ್ಲಿ ನೋಡಿ! ಕೆಳಗೆ ಸಣ್ಣಕ್ಷರದಾಗೆ ಐತಲ್ಲ, ಲಾಗಿನ್ ಇಲ್ದೆ ಡೌನ್‌ಲೋಡ್ ಅಂತ."

ಒತ್ತಿದಳು. ಫೈಲ್ ಇಳಿಯಿತು. ಯಾರೂ ಏನೂ ಕೇಳಲಿಲ್ಲ!

ಇವರಿಗೆ ಬರುವ ಮೇಲ್ ಮಾತ್ರ ನಿಲ್ಲಲಿಲ್ಲ. ಮೊದಮೊದಲು ಬೈಯುತ್ತಾ ಅಳಿಸುತ್ತಿದ್ದರು. ಆಮೇಲೆ ಓದಿ ಅಳಿಸತೊಡಗಿದರು. ಆಮೇಲೆ ಅಳಿಸುವುದನ್ನೇ ಬಿಟ್ಟರು.

ಮದುವೆಯ ದಿನ ನನ್ನ ಕೈಯಾರೆ ಹೊಲಿದ ಬ್ಲೌಸ್ ತೊಟ್ಟು ಮಂಟಪದ ತುಂಬ ಓಡಾಡಿದೆ. ಯಾರೂ ತಿರುಗಿ ನೋಡಲಿಲ್ಲ. ಹೆಂಗಸರೆಲ್ಲ ಇವರನ್ನು ಸುತ್ತಿಕೊಂಡಿದ್ದರು. "ಬೋಟ್ ನೆಕ್ಕಿಗೆ ಲೈನಿಂಗ್ ಕೊಡ್ಬೇಕಾ ಭಾವ?" ಇವರು ಗಂಭೀರವಾಗಿ ಉತ್ತರಿಸುತ್ತಿದ್ದರು.

ಮದುಮಗಳು ನನ್ನ ತೋಳಿನ ಸುಕ್ಕನ್ನು ಎಳೆದು ನೋಡಿ ಮೆಲ್ಲಗೆ ಕೇಳಿದಳು: "ಅಕ್ಕಾ, ಹೊಲಿಯೋಕ್ ಮುಂಚೆ ಭಾವನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"